ಮಳೆಯ ರಾತ್ರಿಯ ಗೋವಿನಜೋಳದ ನುಚ್ಚು

ಸೊರಬದ ಕಡೆಯ ನಾವು ಅಕ್ಕಿ ಉಣ್ಣುವವರು. ನಮಗೆ ಗಂಜಿ ಎಂದರೆ ಅಕ್ಕಿಗಂಜಿ, ರೊಟ್ಟಿ ಎಂದರೆ ಅಕ್ಕಿರೊಟ್ಟಿ. ಅಮ್ಮನ ತವರು ಮಾತ್ರ ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಆಚೆ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಏಳನೇ ಕ್ಲಾಸಿನಲ್ಲಿದ್ದಾಗ ದೀಪಾವಳಿ ರಜೆಗೆ ಅಲ್ಲಿಗೆ ಹೋಗಿದ್ದೆ.

ಮಾವ ಮಷಿನ್ನಿಗೆ ಹಾಕಿಸಿದ ಕಾಳನ್ನು ಟಾರು ರಸ್ತೆಯ ಅಂಚಿಗೆ ಹರವಿ ಒಣಗಿಸುತ್ತಿದ್ದರು. ಸಂಜೆ ಇದ್ದಕ್ಕಿದ್ದಂತೆ ಮೋಡ ಕಟ್ಟಿತು. ಊರಿಗೆ ಊರೇ ರಸ್ತೆಗಿಳಿಯಿತು. ತಾಡಪಾಲು, ಗೋಣಿಚೀಲ, ಪೊರಕೆ, ಕೈಗೆ ಸಿಕ್ಕಿದ್ದು ಹಿಡಿದು ಒಬ್ಬರ ಕಾಳನ್ನು ಇನ್ನೊಬ್ಬರು ಗುಡ್ಡೆ ಹಾಕಿದರು. ಆದರೂ ನಮ್ಮದು ಅರ್ಧಕ್ಕರ್ಧ ನೆನೆಯಿತು. ಬೂಸಲು ಹಿಡಿದರೆ ಕಾಳನ್ನು ಕೊಳ್ಳುವವರಿಲ್ಲ. ಮಾವ ಜಗುಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು.

ಅಜ್ಜಿ ಮಾತಾಡಲಿಲ್ಲ, ಒಲೆ ಹೊತ್ತಿಸಿದಳು. ಹಳೇ ಕಾಳನ್ನು ಬೀಸುಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರಿ ಹೊಟ್ಟು ತೆಗೆದು, ಬೆಳಿಗ್ಗೆಯೇ ನೆನೆಹಾಕಿದ್ದಳು. ಆ ನುಚ್ಚನ್ನು ಕುದಿನೀರಿಗೆ ಸುರಿದಳು. ಇದು ಅಕ್ಕಿಯಂತೆ ಬೇಗ ಬೇಯುವುದಿಲ್ಲ. ಉರಿ ತಗ್ಗಿಸಿ, ತಳ ಹತ್ತದಂತೆ ಮರದ ಸೌಟಿನಿಂದ ತಿರುವುತ್ತಲೇ ಇರಬೇಕು. ಮೊದಮೊದಲು ಹಸಿ ವಾಸನೆ. ಗಂಜಿ ಗಟ್ಟಿಯಾಗುತ್ತ ಹಳದಿ ಗುಳ್ಳೆಗಳು ಪುಸಕ್ಕನೆ ಒಡೆಯತೊಡಗಿದಾಗ, ಎಳೆ ತೆನೆ ಬೇಯಿಸಿದಂಥ ಸಿಹಿ ಕಂಪು.

ಕಾಳು ಬಾಚಲು ಬಂದ ನೆರೆಯವರೆಲ್ಲ ಒದ್ದೆ ಬಟ್ಟೆಯಲ್ಲೇ ಒಲೆ ಸುತ್ತ ಕೂತರು. ಬಿಸಿ ನುಚ್ಚಿಗೆ ಮಜ್ಜಿಗೆ, ಉಪ್ಪು, ಕಚ್ಚಿಕೊಳ್ಳಲು ಈರುಳ್ಳಿ, ಹಸಿಮೆಣಸು. ಮಾವ ಮಾತ್ರ ಏಳಲಿಲ್ಲ. ಅಜ್ಜಿ ತಟ್ಟೆ ಹಿಡಿದು ಜಗುಲಿಗೆ ಹೋದಳು.

"ಉಣ್ಣಪ್ಪಾ. ನೆಂದಿದ್ದು ನಾಳೆ ಬಿಸಿಲಿಗೆ ಒಣಗ್ತದೆ. ಬೆಳೆದೋನು ಉಪಾಸ ಮಲಗಬಾರದು."

ಮಾವ ಉಂಡರು. ಅಕ್ಕಿಯವನಾದ ನಾನೂ ಎರಡು ಸಲ ಹಾಕಿಸಿಕೊಂಡೆ.

ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದ ಜನ ಕಾಡುಹುಲ್ಲೊಂದನ್ನು ಪಳಗಿಸಿ ಗೋವಿನಜೋಳ ಮಾಡಿಕೊಂಡರೆಂದು ಆಮೇಲೆ ಓದಿದೆ. ಕೊಲಂಬಿಯಾದ ಸಾಂತಾ ಮಾರ್ತಾ ಬೆಟ್ಟಗಳ ಇಕಾ ಜನರಿಗೆ ಇದು ತಲೆಮಾರುಗಳ ಆಹಾರ. ನಮ್ಮ ಕಾಳಾದರೋ ಒಣಗಿದ್ದೇ ತಡ ಲಾರಿ ಹತ್ತಿ ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಬೆಳೆದವರ ಮಕ್ಕಳೇ ಅದರ ರುಚಿ ಅರಿಯರು.

ಅಜ್ಜಿ ಈಗಿಲ್ಲ. ಬೀಸುಕಲ್ಲು ಹಿತ್ತಲಲ್ಲಿದೆ. ಶಿಕಾರಿಪುರ, ಸೊರಬದ ರೈತ ಬಂಧುಗಳೇ, ಈ ಸಲ ಲಾರಿ ತುಂಬುವ ಮುಂಚೆ ಚೆನ್ನಾಗಿ ಒಣಗಿದ ಒಂದು ಸೇರು ಕಾಳನ್ನು ಮನೆಗೆಂದು ಎತ್ತಿಡಿ. ಒಂದು ರಾತ್ರಿ ನುಚ್ಚು ಮಾಡಿ ಮಕ್ಕಳಿಗೆ ಬಡಿಸಿ.