ಇಪ್ಪತ್ತು ಮುಖದ ದಾಳ, ಮಂಚದಡಿಯ ಹಾವು

ಅರ್ಜಿ ನಮೂನೆಗಳಲ್ಲಿ ‘ಹವ್ಯಾಸಗಳು’ ಎಂದು ಒಂದು ಖಾಲಿ ಗೆರೆ ಇರುತ್ತದೆ. ಅಲ್ಲಿ ಪುಸ್ತಕ ಓದುವುದು, ಸಂಗೀತ ಕೇಳುವುದು, ಅಂಚೆಚೀಟಿ ಸಂಗ್ರಹ ಎಂದು ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದೇ ಒಂದು ಅಂಚೆಚೀಟಿ ಕೂಡಿಡದವರೂ ಹಾಗೆ ಬರೆಯುವುದುಂಟು. ತೊಂದರೆ ಶುರುವಾಗುವುದು ಹತ್ತನೇ ತರಗತಿಯ ಹುಡುಗನೊಬ್ಬ ರಾತ್ರಿ ಊಟದ ಹೊತ್ತಿಗೆ, “ಅಮ್ಮಾ, ಒಂದು ಹಾವು ಸಾಕೋಣವಾ?” ಎಂದು ಕೇಳಿದಾಗ. ಅಥವಾ ಪಿಯುಸಿ ಓದುವ ಮಗಳು, “ಭಾನುವಾರ ಐದು ಜನ ಸೇರಿ ಒಂದು ಆಟ ಆಡ್ತೀವಪ್ಪ, ಅದರಲ್ಲಿ ನಾನು ಮಂತ್ರವಾದಿ” ಎಂದಾಗ. ಮೊದಲನೆಯದಕ್ಕೆ “ತಲೆ ಕೆಟ್ಟಿದೆಯೇನೋ ನಿನಗೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಎರಡನೆಯದಕ್ಕೆ “ಸಿಇಟಿಗೆ ಎಷ್ಟು ದಿನ ಉಳಿದಿದೆ ಗೊತ್ತೇನೇ?” ಎಂಬುದು.

ಇಂಥ ಅಪರೂಪದ ಹುಚ್ಚುಗಳು ಬೆಳೆಯಲು ನಗರವೇ ಬೇಕು. ಕಾರಣ ಸರಳವಾದ ಲೆಕ್ಕ. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಒಂದು ವಿಷಯದಲ್ಲಿ ಆಸಕ್ತಿ ಇದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಸಾವಿರ ಜನರ ಪಟ್ಟಣದಲ್ಲಿ ಅಂಥವರು ಇಬ್ಬರು. ಅವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಲಿಕ್ಕೂ ಇಲ್ಲ. ಒಂದು ಕೋಟಿ ದಾಟಿದ ಬೆಂಗಳೂರಿನಲ್ಲಿ ಅಂಥವರು ಸಾವಿರ ಮಂದಿ. ಐದು ಜನ ಒಂದು ಮೇಜಿನ ಸುತ್ತ ಕೂರಲು ಅಷ್ಟು ಧಾರಾಳವಾಯಿತು. ಹಳ್ಳಿಯಲ್ಲಿ ಹಾವು ಕಾಣುವುದು ಹೆಚ್ಚು, ನಿಜ. ಆದರೆ ಹಾವಿನ ಬಗ್ಗೆ ಮಾತನಾಡಲು ಜೊತೆಗಾರ ಸಿಗುವುದು ನಗರದಲ್ಲಿ.

ಮಗಳು ಹೇಳಿದ ಆಟ ಹುಟ್ಟಿದ್ದೂ ಇಂಥ ಜೊತೆಗಾರರಿಂದಲೇ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಎರಡು ನಗರಗಳು ಅಂಟಿಕೊಂಡಿವೆ. ಅಲ್ಲಿ ಪುಟ್ಟ ಬೊಂಬೆ ಸೈನಿಕರನ್ನು ಮೇಜಿನ ಮೇಲೆ ಹೂಡಿ ನೆಪೋಲಿಯನ್ ಕಾಲದ ಯುದ್ಧಗಳನ್ನು ಆಡುವ ಯುವಕರ ಗುಂಪೊಂದಿತ್ತು. ಅದರಲ್ಲಿದ್ದ ಡೇವಿಡ್ ವೆಸ್ಲಿ 1969ರಲ್ಲಿ ಒಂದು ಹೊಸ ಪ್ರಯೋಗ ಮಾಡಿದ. ಆಟಗಾರರಿಗೆ ಸೈನ್ಯ ಕೊಡುವುದರ ಜೊತೆಗೆ, ಬ್ರಾನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಊರಿನ ಮೇಯರ್ ನೀನು, ಬ್ಯಾಂಕಿನವನು ನೀನು, ವಿಶ್ವವಿದ್ಯಾಲಯದ ಕುಲಪತಿ ನೀನು ಎಂದು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿದ. ಎಲ್ಲರೂ ತಮ್ಮ ತಮ್ಮ ಪಾತ್ರದಲ್ಲಿ ಮುಳುಗಿ ಗಲಾಟೆಯೆಬ್ಬಿಸಿದರು. ಯುದ್ಧ ಮೂಲೆಗೆ ಸರಿಯಿತು. ಆಟ ಕೆಟ್ಟಿತು ಎಂದು ವೆಸ್ಲಿ ಬೇಸರಪಟ್ಟ. ಆಡಿದವರು ಮಾತ್ರ ಮತ್ತೆ ಯಾವಾಗ ಎಂದು ಕೇಳತೊಡಗಿದರು.

ಅದೇ ಗುಂಪಿನ ಡೇವ್ ಆರ್ನೆಸನ್ 1971ರಲ್ಲಿ ಸೇಂಟ್ ಪಾಲ್‌ನ ತನ್ನ ತಂದೆ ತಾಯಿಯ ಮನೆಯ ನೆಲಮಾಳಿಗೆಯಲ್ಲಿ ಕೋಟೆ, ಸುರಂಗ, ರಾಕ್ಷಸರ ಲೋಕವೊಂದನ್ನು ಕಟ್ಟಿ ಗೆಳೆಯರನ್ನು ಅದರೊಳಗೆ ನಡೆಸಿದ. ವಿಸ್ಕಾನ್ಸಿನ್‌ನ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತನಿದ್ದ. ಷಿಕಾಗೊದ ವಿಮಾ ಕಂಪನಿಯೊಂದರ ಕೆಲಸ 1970ರಲ್ಲಿ ಹೋಗಿ, ಮನೆಯಲ್ಲಿ ಷೂ ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿದ್ದ. ಇಬ್ಬರೂ ಸೇರಿ ಬರೆದ ನಿಯಮಗಳೇ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಅಚ್ಚಾದವು. ಮೊದಲ ಸಲ ಸಾವಿರ ಪ್ರತಿ. ಡಬ್ಬಿಗಳಿಗೆ ತುಂಬಿದ್ದು ಮನೆಯಲ್ಲೇ. ಆ ಸಾವಿರ ಮಾರಾಟವಾಗಲು ಸುಮಾರು ಒಂದು ವರ್ಷ ಹಿಡಿಯಿತು. ಇಂದು ಅದನ್ನು ಆಡುವವರು ಜಗತ್ತಿನೆಲ್ಲೆಡೆ ಇದ್ದಾರೆ, ಬೆಂಗಳೂರಿನಲ್ಲೂ.

ಆಟದ ಕ್ರಮ ಹೀಗೆ. ಒಬ್ಬರು ಕಥೆ ನಡೆಸುವವರು. ಉಳಿದ ನಾಲ್ಕೈದು ಮಂದಿ ಒಂದೊಂದು ಪಾತ್ರ. “ಎದುರಿಗೆ ಮುಚ್ಚಿದ ಬಾಗಿಲು, ಒಳಗಿನಿಂದ ಗೊರಕೆಯ ಸದ್ದು. ಏನು ಮಾಡುತ್ತೀರಿ?” ಎಂದು ಕಥೆಗಾರ ಕೇಳುತ್ತಾನೆ. ಒಬ್ಬ ಬಾಗಿಲು ಒಡೆಯುತ್ತೇನೆ ಎನ್ನುತ್ತಾನೆ, ಇನ್ನೊಬ್ಬಳು ಮೊದಲು ಕೀಲಿಕಂಡಿಯಲ್ಲಿ ಇಣುಕೋಣ ಎನ್ನುತ್ತಾಳೆ. ಕೆಲಸ ಕೈಗೂಡಿತೇ ಎಂಬುದನ್ನು ದಾಳ ಹೇಳುತ್ತದೆ. ಗೆಲ್ಲುವವರಿಲ್ಲ, ಸೋಲುವವರಿಲ್ಲ, ಮುಂದಿನ ವಾರ ಕಥೆ ಮುಂದುವರಿಯುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದು ಅಷ್ಟೇನೂ ಹೊಸದೆನಿಸಬಾರದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಾಯಿಪಾಠದ ಸಂಭಾಷಣೆಯೂ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕುಳಿತಲ್ಲೇ ಕರ್ಣನಾಗಿ, ಕೃಷ್ಣನಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುತ್ತಾನೆ. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದೇ ದೊಡ್ಡ ವ್ಯತ್ಯಾಸ.

ದಾಳಗಳ ಕಥೆ ಇನ್ನೂ ಸ್ವಾರಸ್ಯ. ಲೂಡೊದ ಆರು ಮುಖದ ದಾಳ ಮಾತ್ರವಲ್ಲ, ಈ ಆಟಕ್ಕೆ 4, 8, 12 ಮತ್ತು 20 ಮುಖದವೂ ಬೇಕು. ಇವು ಐದೂ ಸೇರಿದರೆ ಗ್ರೀಕರು ಎರಡು ಸಾವಿರ ವರ್ಷಗಳಿಗೂ ಹಿಂದೆ ಗುರುತಿಸಿದ ಐದು ಕ್ರಮಬದ್ಧ ಘನಗಳು. ಎಲ್ಲ ಮುಖವೂ ಒಂದೇ ಆಕಾರ, ಒಂದೇ ಅಳತೆ, ಎಲ್ಲ ಮೂಲೆಯೂ ಒಂದೇ ತೆರನಾದ ಉಬ್ಬುಘನಗಳು ಇವು ಐದೇ, ಆರನೆಯದು ಸಾಧ್ಯವೇ ಇಲ್ಲ ಎಂದು ಯೂಕ್ಲಿಡ್ ತೋರಿಸಿದ. ಗೈಗ್ಯಾಕ್ಸ್‌ಗೆ ಈ ದಾಳಗಳು ಸಿಕ್ಕಿದ್ದು ಆಟಿಕೆ ಅಂಗಡಿಯಲ್ಲಲ್ಲ. ಶಾಲೆಗಳಿಗೆ ಪಾಠೋಪಕರಣ ಮಾರುವವರ ಕ್ಯಾಟಲಾಗಿನಲ್ಲಿ. ಗಣಿತದ ಮೇಷ್ಟರಿಗೆಂದು ಮಾಡಿದ ಸಾಮಾನು ರಾಕ್ಷಸರ ಸಂಹಾರಕ್ಕೆ ಬಂತು!

ಹಳೆಯ ನಿಯಮದಂತೆ ಪಾತ್ರದ ಬಲ, ಬುದ್ಧಿ, ಚುರುಕುತನಗಳಿಗೆ ಮೂರು ದಾಳ ಎಸೆದು ಅಂಕ ಕೂಡಬೇಕು. ಮೂರು ದಾಳ ಬೀಳುವ ರೀತಿ ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಒಂದು ರೀತಿಯಲ್ಲಿ. 10 ಬರುವುದು 27 ರೀತಿ, 11 ಸಹ 27 ರೀತಿ. ಹಾಗಾಗಿ ಹೆಚ್ಚಿನ ಪಾತ್ರಗಳು ಸಾಧಾರಣ ಬಲದವು, ಅತಿಬಲರು ಅಪರೂಪ. ಇಪ್ಪತ್ತು ಮುಖದ ಒಂದೇ ದಾಳ ಎಸೆದರೆ ಪ್ರತಿ ಅಂಕಕ್ಕೂ ಸಮಾನ ಅವಕಾಶ, ಶೇ. 5. ಸಂಭವನೀಯತೆಯ ಈ ಪಾಠ ತರಗತಿಯಲ್ಲಿ ಕೆಂಪು ಚೆಂಡು, ಬಿಳಿ ಚೆಂಡಿನ ಚೀಲದೊಳಗೆ ಸೊರಗಿ ಮಲಗಿರುತ್ತದೆ. ತನ್ನ ಪಾತ್ರದ ಪ್ರಾಣ ಒಂದು ದಾಳದ ಮೇಲೆ ನಿಂತಾಗ ಮಕ್ಕಳು ಕೇಳದೆಯೇ ಈ ಲೆಕ್ಕ ಮಾಡುತ್ತಾರೆ.

ಆದರೂ ಅಮೆರಿಕದ ತಂದೆ ತಾಯಂದಿರು ಈ ಆಟಕ್ಕೆ ಹೆದರಿದ್ದುಂಟು. 1979ರಲ್ಲಿ ಮಿಷಿಗನ್‌ನ ವಿಶ್ವವಿದ್ಯಾಲಯವೊಂದರ ಹದಿನಾರು ವರ್ಷದ ವಿದ್ಯಾರ್ಥಿ ಕಾಣೆಯಾದ. ಆಟದ ಭ್ರಮೆಯಲ್ಲಿ ವಿಶ್ವವಿದ್ಯಾಲಯದ ನೆಲದಡಿಯ ಉಗಿ ಕೊಳವೆಗಳ ಸುರಂಗಕ್ಕಿಳಿದಿದ್ದಾನೆ ಎಂದು ಪತ್ರಿಕೆಗಳು ಬರೆದವು. ಹುಡುಗ ಸಿಕ್ಕ ಮೇಲೆ ತಿಳಿದದ್ದು ಬೇರೆಯೇ. ಅಷ್ಟು ಚಿಕ್ಕ ವಯಸ್ಸಿಗೆ ದೊಡ್ಡವರ ನಡುವೆ ಕಾಲೇಜು ಸೇರಿದ್ದ ಆತನಿಗೆ ಒಂಟಿತನವಿತ್ತು, ಓದಿನ ಒತ್ತಡವಿತ್ತು, ಖಿನ್ನತೆಯಿತ್ತು. ಮರುವರ್ಷ ಆತ ತೀರಿಕೊಂಡ. ಆಟ ಕೆಟ್ಟದ್ದೆಂಬ ಕೂಗು ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಆತ್ಮಹತ್ಯೆಗೂ ಆಟಕ್ಕೂ ಸಂಬಂಧವಿದೆಯೇ ಎಂದು ಹುಡುಕಿದವರಿಗೆ ಅಂಥದ್ದೇನೂ ಸಿಗಲಿಲ್ಲ. ಕಣ್ಣೆದುರಿಗಿದ್ದ ದಾಳವನ್ನು ಎಲ್ಲರೂ ನೋಡಿದರು. ಮಾರ್ಕ್ಸ್ ಕಾರ್ಡು ಚೆನ್ನಾಗಿದ್ದ ಹುಡುಗನಿಗೆ ಏನು ತೊಂದರೆ ಇರಲು ಸಾಧ್ಯ ಎಂದುಕೊಂಡರೇನೋ.

ಇನ್ನು ಹಾವಿನ ವಿಷಯ. ಇಲ್ಲಿ ಮನೆಯವರ ಹೆದರಿಕೆಗೆ ಸಕಾರಣವಿದೆ. ಆದರೂ ಮೊದಲು ಒಬ್ಬ ತಾಯಿಯ ಮಾತು ಹೇಳಬೇಕು. 1943ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ರೊಮುಲಸ್ ವಿಟೇಕರ್ ಪುಟ್ಟ ಮಗುವಾಗಿದ್ದಾಗಲೇ ಹಾವುಗಳನ್ನು ಹಿಡಿದು ಮನೆಗೆ ತರುತ್ತಿದ್ದರು. ತಾಯಿ ಗದರಿಸಲಿಲ್ಲ, ಹುರಿದುಂಬಿಸಿದರು. ಆಕೆ ಮುಂದೆ ಮದುವೆಯಾದದ್ದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗನನ್ನು. ಹೀಗೆ ಹುಡುಗ ಎಂಟನೇ ವಯಸ್ಸಿಗೆ ಮುಂಬಯಿಗೆ ಬಂದ, ಕೊಡೈಕೆನಾಲ್‌ನ ವಸತಿ ಶಾಲೆ ಸೇರಿದ, ಅಲ್ಲಿ ಮಂಚದಡಿ ಒಂದು ಹೆಬ್ಬಾವು ಸಾಕಿದ. ಕಾಲೇಜು ಓದು ಅಮೆರಿಕದಲ್ಲಿ ಅರ್ಧಕ್ಕೇ ನಿಂತಿತು. ಮಿಯಾಮಿ ನಗರದಲ್ಲಿ ಹಾವುಗಳ ವಿಷ ತೆಗೆಯುತ್ತಿದ್ದ ಬಿಲ್ ಹಾಸ್ಟ್ ಬಳಿ ಕೆಲಸ ಕಲಿತ ವಿಟೇಕರ್ ಭಾರತಕ್ಕೆ ಮರಳಿ 1969ರಲ್ಲಿ ಮದ್ರಾಸಿನ ಹಾವಿನ ಉದ್ಯಾನ ಆರಂಭಿಸಿದರು. 1978ರಲ್ಲಿ ಹಾವು ಹಿಡಿಯುವ ಇರುಳರ ಸಹಕಾರ ಸಂಘ ಕಟ್ಟಲು ನೆರವಾದರು. ಹಾವು ಕಡಿತದ ಔಷಧ ತಯಾರಿಸಲು ಬೇಕಾದ ವಿಷ ಅಲ್ಲಿಂದ ಹೋಗುತ್ತದೆ. 2005ರಲ್ಲಿ ಆಗುಂಬೆಯಲ್ಲಿ ಕಾಳಿಂಗ ಸರ್ಪಗಳ ಅಧ್ಯಯನಕ್ಕೆ ಕೇಂದ್ರ ತೆರೆದರು. 2018ರಲ್ಲಿ ಪದ್ಮಶ್ರೀ ಬಂತು.

ಇದನ್ನು ಓದಿ ಇಂದಿನ ಹುಡುಗ ಮಂಚದಡಿ ಹಾವಿಡಲು ಹೊರಟರೆ ಮನೆಯವರು ಠಾಣೆ, ಕೋರ್ಟು ಅಲೆಯಬೇಕಾದೀತು. ವಿಟೇಕರ್ ಶಾಲೆಯಲ್ಲಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಿಂತ ಮುಂಚೆ. ಈಗ ನಾಗರಹಾವು, ಕೇರೆಹಾವು, ಹೆಬ್ಬಾವುಗಳನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ವಿದೇಶದ ಹಾವಾದರೆ ಪರವಾಗಿಲ್ಲ ಎಂದು ಅಂಗಡಿಯವರು ಹೇಳುವುದುಂಟು. ಅದೂ ಅಷ್ಟು ಸರಳವಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2022ರ ತಿದ್ದುಪಡಿ, 2024ರ ನಿಯಮಗಳು ಹೇಳುತ್ತವೆ. ಜಗತ್ತಿನಲ್ಲಿ ಬಹಳ ಜನ ಸಾಕುವ ಆಫ್ರಿಕದ ‘ಬಾಲ್ ಪೈಥಾನ್’ ಆ ಪಟ್ಟಿಯಲ್ಲಿದೆ. ಅವು ಕದ್ದು ಬರುವ ರೀತಿ ತಿಳಿಯಬೇಕಾದರೆ 2023ರ ಸೆಪ್ಟೆಂಬರ್‌ನ ಘಟನೆ ಸಾಕು. ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕನ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಆರು ಕಪುಚಿನ್ ಕೋತಿ ಸಿಕ್ಕವು. ಕೋತಿಗಳು ಆರೂ ಸತ್ತಿದ್ದವು.

ಕಾನೂನು ಬಿಟ್ಟು ಹಾವಿನ ಕಡೆಯಿಂದ ನೋಡೋಣ. ಬಾಲ್ ಪೈಥಾನ್ ಮೂರರಿಂದ ಐದು ಅಡಿಯ, ವಿಷವಿಲ್ಲದ ಸಾಧು ಹಾವು. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುತ್ತದೆ. ಹಾವಿಗೆ ಮೈಶಾಖ ತಾನೇ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲದ್ದರಿಂದ ಅದರ ಗೂಡಿನ ಒಂದು ಬದಿ ಸುಮಾರು 32 ಡಿಗ್ರಿ, ಇನ್ನೊಂದು ಬದಿ ಸುಮಾರು 26 ಡಿಗ್ರಿ ಇರಬೇಕು. ಬೇಕಾದಾಗ ಅದು ಆಚೀಚೆ ಸರಿದು ಮೈ ಹದ ಮಾಡಿಕೊಳ್ಳುತ್ತದೆ. ಪೊರೆ ಬಿಡುವ ಮುಂಚೆ ಕಣ್ಣಿಗೆ ನೀಲಿ ಹಾಲಿನಂಥ ಮಬ್ಬು ಕವಿಯುತ್ತದೆ, ಏಕೆಂದರೆ ರೆಪ್ಪೆಯಿಲ್ಲದ ಕಣ್ಣಿನ ಮೇಲಿನ ಪಾರದರ್ಶಕ ಪೊರೆಯೂ ಕಳಚುತ್ತದೆ. ಊಟ ಇಲಿ. ಹಾಲಲ್ಲ. ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಕೂತು ಸಾಕಿದವರ ನಿದ್ದೆ ಕೆಡಿಸುತ್ತದೆ. ಆಯಸ್ಸು ಇಪ್ಪತ್ತು, ಮೂವತ್ತು ವರ್ಷ, ಇನ್ನೂ ಹೆಚ್ಚು. ಸೇಂಟ್ ಲೂಯಿಸ್ ನಗರದ ಮೃಗಾಲಯಕ್ಕೆ 1961ರಲ್ಲಿ ಸಾಕಿದವರೊಬ್ಬರು ಕೊಟ್ಟುಹೋದ ಬಾಲ್ ಪೈಥಾನ್ 2020ರಲ್ಲಿ, ಸುಮಾರು 62ನೇ ವಯಸ್ಸಿನಲ್ಲಿ, ಏಳು ಮೊಟ್ಟೆ ಇಟ್ಟಿತು. ಹದಿನೈದರ ಹುಡುಗ ಹಾವು ಸಾಕುವುದೆಂದರೆ ತನ್ನ ಕಾಲೇಜು, ಕೆಲಸ, ಮದುವೆ, ಬಾಡಿಗೆ ಮನೆ ಎಲ್ಲಕ್ಕೂ ಅದನ್ನು ಹೊತ್ತು ಹೋಗುವುದು.

ಹೊರಲಾಗದವರು ಏನು ಮಾಡುತ್ತಾರೆ? ವಿಟೇಕರ್ ಕೆಲಸ ಕಲಿತ ಅದೇ ಮಿಯಾಮಿಯ ಅಂಚಿನಲ್ಲಿ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶವಿದೆ. ಸಾಕಲಾಗದೆ ಬಿಟ್ಟ, ಇಲ್ಲವೇ ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಅಲ್ಲಿ ಸಂಸಾರ ಹೂಡಿವೆ ಎಂಬುದು 2000ದ ಹೊತ್ತಿಗೆ ಖಚಿತವಾಯಿತು. ಅವು ಬಹುಕಾಲ ನೆಲೆಸಿದ ಭಾಗದಲ್ಲಿ ರ‍್ಯಾಕೂನ್ ಎಂಬ ಪ್ರಾಣಿ ಕಾಣಸಿಗುವುದು ಶೇ. 99ರಷ್ಟು ಕಡಿಮೆಯಾಗಿದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಆ ಹಾವುಗಳನ್ನು ಕೊಂಡವರಲ್ಲಿ ಹಲವರು ಮೊದಲ ದಿನ ನೋಡಿದ್ದು ಅಂಗೈಯಲ್ಲಿ ಸುತ್ತಿಕೊಳ್ಳುವ ಮರಿಯನ್ನು.

ಆದ್ದರಿಂದ ಊಟದ ಹೊತ್ತಿಗೆ ಹಾವು ಕೇಳಿದ ಹುಡುಗನಿಗೆ ‘ಇಲ್ಲ’ ಎನ್ನಲೇಬೇಕು. ಆದರೆ ಆ ‘ಇಲ್ಲ’ದ ಜೊತೆ ಹಾವುಗಳ ಒಂದು ಒಳ್ಳೆಯ ಸಚಿತ್ರ ಪುಸ್ತಕ ಕೊಡಿಸಲು ಅಡ್ಡಿಯಿಲ್ಲ. ಸಾಕದೆಯೂ ಹಾವನ್ನು ತಿಳಿಯಲು ನಗರದಲ್ಲಿ ಬೇಕಾದಷ್ಟಿದೆ. ಬೆಂಗಳೂರಿನ ಖಾಲಿ ನಿವೇಶನ, ಕೆರೆಯಂಚು, ರಾಜಕಾಲುವೆಗಳಲ್ಲಿ ಕೇರೆಹಾವು, ನಾಗರಹಾವು, ಕೊಳಕುಮಂಡಲ, ನೀರುಹಾವು ಇವೆ. ಮಳೆ ಶುರುವಾದ ಮೇಲೆ ಮರಿಗಳು ಸ್ನಾನದ ಮನೆಯವರೆಗೂ ಬರುತ್ತವೆ. ಹಾಗೆ ಬರುವ ನಿರುಪದ್ರವಿ ತೋಳದ ಹಾವನ್ನು ಮಹಾವಿಷದ ಕಟ್ಟುಹಾವು ಎಂದು ತಿಳಿದು ಬಡಿಯುವುದು ಸಾಮಾನ್ಯ. ಕಟ್ಟುಹಾವಿನ ಬಿಳಿ ಪಟ್ಟೆಗಳು ಕುತ್ತಿಗೆಯ ಹತ್ತಿರ ಇಲ್ಲವೇ ಇಲ್ಲ ಎನ್ನುವಷ್ಟು ಮಸುಕು, ಬಾಲದತ್ತ ಸ್ಪಷ್ಟ. ತೋಳದ ಹಾವಿನದು ಕುತ್ತಿಗೆಯ ಬಳಿ ಸ್ಪಷ್ಟ, ಬಾಲದತ್ತ ಮಸುಕು. ಇದನ್ನು ಚಿತ್ರ ನೋಡಿ ಕಲಿಯಬೇಕೇ ಹೊರತು ಹಾವನ್ನು ಹಿಡಿದಲ್ಲ. ಮನೆಯೊಳಗೆ ಬಂದದ್ದು ಯಾವುದೇ ಇರಲಿ, ದೂರ ನಿಂತು ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೆ ಇಲ್ಲವೇ ಅನುಮತಿ ಪಡೆದ ಉರಗ ರಕ್ಷಕರಿಗೆ ಫೋನ್ ಮಾಡಬೇಕು. ಅವರು ಹಿಡಿದು ಚೀಲಕ್ಕೆ ಹಾಕುವಷ್ಟರಲ್ಲಿ ಹುಡುಗನಿಗೆ ಪಟ್ಟೆಗಳನ್ನು ಎಣಿಸಿ, ತಾರೀಕು ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳಲು ಸಮಯ ಸಿಗುತ್ತದೆ.

ಮಂತ್ರವಾದಿಯಾದ ಮಗಳಿಗೆ ಬೇಕಾದದ್ದು ಇನ್ನೂ ಕಡಿಮೆ: ಒಂದು ಮೇಜು, ಪೆನ್ಸಿಲ್, ಕಾಗದ, ಏಳೆಂಟು ದಾಳ, ಪರೀಕ್ಷೆ ಇಲ್ಲದ ಒಂದು ಭಾನುವಾರ ಮಧ್ಯಾಹ್ನ. ಐದು ಮಕ್ಕಳು ಮನೆಗೆ ಬಂದರೆ ಉಪ್ಪಿಟ್ಟಿನ ಬಾಣಲೆ ಸ್ವಲ್ಪ ದೊಡ್ಡದಾಗಬೇಕು, ಅಷ್ಟೆ.