ಮದರಾಸಿನ ಹಾದಿಯಲ್ಲಿ ಒಂದು ಪಾಠಶಾಲೆ

ಮಲ್ಲೇಶ್ವರದಲ್ಲಿರುವ ನನ್ನ ಅಕ್ಕನ ಮನೆಗೆ ಭಾನುವಾರ ಬೆಳಗ್ಗೆ ಹೋದರೆ ಹತ್ತು ನಿಮಿಷದೊಳಗೆ ಕಾಫಿ ಕೈಗೆ ಬರುವುದು ಮೂವತ್ತು ವರ್ಷಗಳ ಪದ್ಧತಿ. ಕಳೆದ ವರ್ಷ ಒಂದು ಭಾನುವಾರ ಆ ಪದ್ಧತಿ ತಪ್ಪಿತು. ಅಕ್ಕ ಗೇಟಿನ ಬಳಿ ನಿಂತು ಬೀದಿಯ ತುದಿಯನ್ನೇ ನೋಡುತ್ತಿದ್ದಳು. "ನಂದಿಬೆಟ್ಟಕ್ಕೆ ಹೋಗಿದ್ದಾನೆ ಕಣೋ, ಇನ್ನೂ ಬಂದಿಲ್ಲ" ಎಂದಳು.

ಹೋದವನು ಅವಳ ಒಬ್ಬನೇ ಮಗ. ವಯಸ್ಸು ಇಪ್ಪತ್ತನಾಲ್ಕು. ತನ್ನ ಸಂಬಳದಲ್ಲೇ ದೊಡ್ಡದೊಂದು ಮೋಟಾರ್ ಸೈಕಲ್ಲು ಕೊಂಡಿದ್ದ. ಭಾನುವಾರ ಕೋಳಿ ಕೂಗುವ ಮೊದಲೇ ಗೆಳೆಯರ ಸಂಗಡ ಬೆಟ್ಟದ ತಿರುವುಗಳಲ್ಲಿ ವೇಗದ ಪರೀಕ್ಷೆ ಮಾಡುವುದು ಅವನ ವ್ರತವಾಗಿತ್ತು. ಹಿಂದಿನ ತಿಂಗಳು ಆ ಗೆಳೆಯರಲ್ಲೊಬ್ಬ ತಿರುವಿನಲ್ಲಿ ಎದುರು ಬಂದ ಲಾರಿಯ ಪಕ್ಕಕ್ಕೆ ತಗುಲಿ ಆರು ವಾರ ಹಾಸಿಗೆ ಹಿಡಿದಿದ್ದ. ಗಾಡಿಯನ್ನು ಮಾರಿಬಿಡು ಎಂದು ಅಕ್ಕನ ಹಟ. ಲಾರಿಯೂ ದನವೂ ಎದುರು ಬಾರದ ರಸ್ತೆಗೆ ಕಳಿಸಿದರೆ ಬೆಟ್ಟದ ಹುಚ್ಚನ್ನು ಬಿಡುತ್ತೇನೆಂದು ಮಗನ ವಾದ. ಮಧ್ಯಸ್ಥಿಕೆಗೆ ಸೋದರಮಾವನಲ್ಲದೆ ಇನ್ನಾರು?

ಹುಡುಗ ನನ್ನ ಮುಂದೆ ಎರಡು ಕಾಗದ ಹರಡಿದ. ಒಂದು, ಮೋಟಾರ್ ಸೈಕಲ್ ಓಟದ ಶಾಲೆಯದು. ಅಲ್ಲಿ ಪಾಠವುಂಟು, ಗುರುಗಳುಂಟು, ಮುಂದೆ ಸ್ಪರ್ಧೆಗೆ ಇಳಿಯುವ ಮನಸ್ಸಿದ್ದವರಿಗೆ ದಾರಿಯುಂಟು. ಇನ್ನೊಂದು 'ಟ್ರ್ಯಾಕ್ ಡೇ' ಎಂಬುದರದು. ಅದರಲ್ಲಿ ಪಾಠವಿಲ್ಲ, ಸ್ಪರ್ಧೆಯೂ ಇಲ್ಲ. ಹಣ ಕಟ್ಟಿ ನಮ್ಮ ಗಾಡಿಯನ್ನು ನಾವೇ ತೆಗೆದುಕೊಂಡು ಹೋದರೆ ಸರದಿಯ ಪ್ರಕಾರ ಓಟದ ಅಂಗಳದಲ್ಲಿ ನಮ್ಮಿಷ್ಟದಂತೆ ಸುತ್ತಬಹುದು. ಶಾಲೆಯ ಒಂದು ದಿನದ ಶುಲ್ಕದಲ್ಲಿ ಟ್ರ್ಯಾಕ್ ಡೇ ಮೂರು ಸಲ ಆಗುತ್ತಿತ್ತು.

ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವನು. ರೂಪಾಯಿಯನ್ನು ನಿಮಿಷಗಳಿಂದ ಭಾಗಿಸಿದೆ. ಟ್ರ್ಯಾಕ್ ಡೇಯಲ್ಲಿ ಆರು ಸರದಿ, ಸರದಿಗೆ 20 ನಿಮಿಷ, ಒಟ್ಟು 120 ನಿಮಿಷ. ಶಾಲೆಯಲ್ಲಿ ಐದೇ ಸರದಿ. ನಡುನಡುವೆ ಹಲಗೆಯ ಮುಂದೆ ಕೂರುವ ಕೆಲಸ. ಇಂಜಿನಿಯರಿಂಗ್ ಓದಿದ ಹುಡುಗನಿಗೆ ಮತ್ತೆ ಹಲಗೆ ಏತಕ್ಕೆ? ಟ್ರ್ಯಾಕ್ ಡೇಯೇ ಸರಿಯೆಂದು ತೀರ್ಪು ಕೊಟ್ಟೆ. ಹುಡುಗ ಹಿಗ್ಗಿದ. ನನ್ನ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಪಾಲಾರಿನ ಜೊತೆ

ದೇಶದಲ್ಲಿ ಇಂಥ ಅಂಗಳಗಳು ಬೆರಳೆಣಿಕೆಯಷ್ಟು. ದೆಹಲಿಯ ಬಳಿ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ತೆರೆದ ಬುದ್ಧ ಸರ್ಕ್ಯೂಟು ದೊಡ್ಡದು, ಸುತ್ತಿಗೆ ಐದು ಕಿಲೋಮೀಟರಿಗೂ ಮಿಗಿಲು. ಕೊಯಮತ್ತೂರಿನ ಬಳಿ ಓಟಗಾರ ಎಸ್. ಕರಿವರ್ಧನ್ ಅವರ ಹೆಸರು ಹೊತ್ತ ಕರಿ ಸ್ಪೀಡ್‌ವೇ ಚಿಕ್ಕದು, ಸುಮಾರು 2 ಕಿಲೋಮೀಟರ್. ನಾವು ಆರಿಸಿಕೊಂಡದ್ದು ಚೆನ್ನೈಗೆ ಈಚೆ, ಶ್ರೀಪೆರುಂಬುದೂರನ್ನು ದಾಟಿದೊಡನೆ ಸಿಗುವ ಇರುಂಗಾಟ್ಟುಕೋಟೈ.

ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ಗಾಡಿಯನ್ನು ಸಣ್ಣ ಲಾರಿಯೊಂದಕ್ಕೆ ಹಗ್ಗ ಬಿಗಿದು ಏರಿಸಿ, ನಾವಿಬ್ಬರೂ ಕಾರಿನಲ್ಲಿ ಹಿಂದೆ ಹೊರಟೆವು. ಸವಾರಿ ಮಾಡಿಕೊಂಡೇ ಹೋಗಬಹುದಲ್ಲ ಎಂದೆ. "ಹೋಗೋದೇನೋ ಹೋಗಬಹುದು ಮಾವ, ವಾಪಸ್ ಬರೋವಾಗ ಗಾಡಿ ನೆಟ್ಟಗಿದ್ದರೆ ತಾನೆ" ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಹೊಸೂರು, ಕೃಷ್ಣಗಿರಿ ದಾಟಿ ವಾಣಿಯಂಬಾಡಿಯ ಹತ್ತಿರ ಬಂದರೆ ಪಾಲಾರ್ ನದಿ ಜೊತೆಯಾಗುತ್ತದೆ. ನದಿಯೆಂದರೆ ನಾವು ಕಂಡದ್ದು ಅಗಲವಾದ ಮರಳಿನ ಹಾಸು, ಅಲ್ಲಲ್ಲಿ ಮುಳ್ಳುಗಿಡ. ಈ ಪಾಲಾರು ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿಯೇ. ಬೆಟ್ಟವನ್ನು ಬಿಟ್ಟು ತಮಿಳುನಾಡಿನ ಬಯಲಿಗೆ ಇಳಿಯುವ ಪ್ರಯಾಣದಲ್ಲಿ ನಮಗೆ ಹಿರಿಯ ಸಂಗಾತಿ ಸಿಕ್ಕಂತಾಯಿತು. ಆಂಬೂರಿನಲ್ಲಿ ಚರ್ಮದ ವಾಸನೆ ಕಾರಿನೊಳಕ್ಕೂ ಬಂತು. ಚರ್ಮ ಹದಮಾಡುವುದೂ ಪಾದರಕ್ಷೆ ಹೊಲಿಯುವುದೂ ಆ ಊರಿನ ಕಸುಬು. ನಮ್ಮ ಹುಡುಗನ ಚೀಲದಲ್ಲೂ ತಲೆಯಿಂದ ಕಾಲಿನವರೆಗಿನ ಚರ್ಮದ ಉಡುಪೊಂದಿತ್ತು. ಅದಿಲ್ಲದೆ ಅಂಗಳದೊಳಕ್ಕೆ ಬಿಡುವುದಿಲ್ಲವಂತೆ.

ಶ್ರೀಪೆರುಂಬುದೂರು ರಾಮಾನುಜಾಚಾರ್ಯರು ಹುಟ್ಟಿದ ಊರು. ಇಲ್ಲಿಂದ ಹೊರಟ ಬಾಳು ನಮ್ಮ ಮೇಲುಕೋಟೆಯವರೆಗೆ ಬಂದದ್ದು ಕನ್ನಡಿಗರಿಗೆ ಗೊತ್ತಿರುವ ಕತೆ. ಆದಿಕೇಶವ ಪೆರುಮಾಳರ ಗುಡಿಗೆ ಹೋಗಿ ಕೈಮುಗಿದು ಹೊರಬರುವಾಗ ಹುಡುಗ ಗಡಿಯಾರ ನೋಡುತ್ತಿದ್ದ.

ಅಂಗಳದ ಹಿನ್ನೆಲೆ

ಮದರಾಸಿನವರ ಓಟದ ಹುಚ್ಚು ಹೊಸದಲ್ಲ. ಅಲ್ಲಿನ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ನಗರದ ಉತ್ತರಕ್ಕೆ ಶೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಟದ ಹಾದಿಯೊಂದು ಪಾಳುಬಿದ್ದಿತ್ತು. ದಶಕಗಳ ಕಾಲ ಅದರ ಮೇಲೆಯೇ ಕಾರುಗಳೂ ಮೋಟಾರ್ ಸೈಕಲ್ಲುಗಳೂ ಓಡಿದವು. ಕೊನೆಗೆ 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಕ್ಲಬ್ಬಿನ ಸ್ವಂತ ಅಂಗಳ ಸಿದ್ಧವಾಯಿತು. ಒಂದು ಸುತ್ತಿಗೆ 3.717 ಕಿಲೋಮೀಟರ್, ಹನ್ನೆರಡು ತಿರುವು. ಈಗ ಮದರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ಹೆಸರಿದ್ದರೂ ಹಳಬರ ಬಾಯಲ್ಲಿ ಅದು ಇನ್ನೂ ಮೋಟಾರ್ ರೇಸ್ ಟ್ರ್ಯಾಕ್.

ಬೆಳಗ್ಗೆ ಏಳಕ್ಕೇ ಗಾಡಿಗಳ ತಪಾಸಣೆ. ಕನ್ನಡಿಗಳನ್ನು ಬಿಚ್ಚಿಸಿದರು, ದೀಪದ ಗಾಜಿಗೆ ಟೇಪು ಅಂಟಿಸಿದರು. ಗಾಜು ಒಡೆದು ಹಾದಿಯಲ್ಲಿ ಚೆಲ್ಲಿದರೆ ಹಿಂದೆ ಬರುವವನ ಟೈರಿಗೆ ಅಪಾಯ. ಬಳಿಕ ಬಾವುಟಗಳ ಪಾಠ: ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದೆ ಹಾಕಕೂಡದು; ಕೆಂಪು ಕಂಡರೆ ಸರದಿ ನಿಂತಿತು, ಮೆಲ್ಲನೆ ಹಿಂತಿರುಗಬೇಕು; ಚೌಕಳಿ ಕಂಡರೆ ಸರದಿ ಮುಗಿಯಿತು. ಅನುಭವಕ್ಕೆ ತಕ್ಕಂತೆ ಮೂರು ಗುಂಪು ಮಾಡಿದರು. ಇಷ್ಟಾದ ಮೇಲೆ ಹಾದಿ ನಿಮ್ಮದು.

ಮೊದಲ ಸರದಿ ಮುಗಿಸಿ ಬಂದ ಹುಡುಗನ ಮುಖವನ್ನು ನೋಡಬೇಕಿತ್ತು! ಎದುರಿನಿಂದ ಯಾರೂ ಬರುವುದಿಲ್ಲವೆಂಬ ಒಂದು ಭರವಸೆ ಮನುಷ್ಯನ ಮೈಯನ್ನು ಎಷ್ಟು ಹಗುರಮಾಡುತ್ತದೆ! ಬೆಂಗಳೂರಿನ ಹೆಣ್ಣುಮಕ್ಕಳೂ ಇಬ್ಬರು ಬಂದಿದ್ದರು. ನಮ್ಮ ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಓಟಗಳ ಮಹಿಳಾ ವಿಶ್ವಕಪ್ ಗೆದ್ದ ಮೇಲೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ತೀರ್ಪಿನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ನಾಲ್ಕನೆಯ ಸರದಿಯಲ್ಲಿ ಕೆಂಪು ಬಾವುಟ ಎದ್ದಿತು. ಎಲ್ಲರೂ ಹಿಂತಿರುಗಿದರು, ನಮ್ಮವನು ಬರಲಿಲ್ಲ. ಆ ಐದು ನಿಮಿಷದಲ್ಲಿ ಅಕ್ಕನಿಗೆ ಹೇಳಬೇಕಾದ ಮಾತನ್ನು ಎಷ್ಟು ಬಗೆಯಾಗಿ ಕಟ್ಟಿ ಕೆಡಹಿದೆನೋ ನಾನರಿಯೆ. ಕೊನೆಗೆ ಗಾಡಿಯನ್ನು ಹೇರಿಕೊಂಡ ವಾಹನದಲ್ಲಿ ಅವನೂ ಬಂದ. ಎಡಗೈಯ ಕವಚ ತೇದು ಹೋಗಿತ್ತು, ಭುಜ ಊದಿತ್ತು, ಮೂಳೆ ನೆಟ್ಟಗಿತ್ತು. ಗಾಡಿಯ ಹ್ಯಾಂಡಲ್ಲೂ ಕಾಲಿಡುವ ಕಡ್ಡಿಯೂ ಮುರಿದಿದ್ದವು.

"ಯಾಕಪ್ಪ ಬಿದ್ದೆ?" ಎಂದು ಕೇಳಿದೆ. "ಗೊತ್ತಿಲ್ಲ ಮಾವ" ಎಂದ. ಸುತ್ತ ಇದ್ದವರು ತಲೆಗೊಂದು ಕಾರಣ ಹೇಳಿದರು: ಟೈರು ಕಾದಿರಲಿಲ್ಲ, ಹಾದಿಯಲ್ಲಿ ಮರಳಿತ್ತು, ವೇಗ ಹೆಚ್ಚಾಯಿತು. ಬಿದ್ದದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. 120 ನಿಮಿಷದ ಲೆಕ್ಕದಲ್ಲಿ ನಾನು ಬಿಟ್ಟಿದ್ದ ಬಾಬತ್ತು ಇದೇ: ನೋಡುವ ಕಣ್ಣು.

ಹಿಂತಿರುಗುವ ರಾತ್ರಿ ಹುಡುಗ ಕಾರಿನಲ್ಲಿ ನಿದ್ದೆಹೋಗಿದ್ದ. ಶ್ರೀಪೆರುಂಬುದೂರು ಬಂದಾಗ ನೆನಪಾಯಿತು: ಆ ಊರಿನಲ್ಲಿ ಹುಟ್ಟಿದ ಆಚಾರ್ಯರು ಒಂದು ಮಂತ್ರದ ಅರ್ಥಕ್ಕಾಗಿ ತಿರುಕ್ಕೋಷ್ಟಿಯೂರಿನ ಗುರುಗಳಲ್ಲಿಗೆ 18 ಸಲ ನಡೆದರೆಂದು ಸಂಪ್ರದಾಯ ಹೇಳುತ್ತದೆ. ಮಂತ್ರವೇನೋ ಅವರಿಗೆ ಮೊದಲೇ ಗೊತ್ತಿತ್ತು.

ಎರಡನೆಯ ಯಾತ್ರೆ

ಭುಜ ವಾಸಿಯಾಗಿ ಗಾಡಿ ರಿಪೇರಿಯಾಗಲು ಎರಡು ತಿಂಗಳು ಬೇಕಾಯಿತು. ರಿಪೇರಿಯ ಬಿಲ್ಲು ಶಾಲೆಯ ಶುಲ್ಕವನ್ನು ಮೀರಿಸಿತ್ತು. ಅಕ್ಕನಿಗೆ ನಿಜ ಹೇಳಿ, ಅವಳ ಮೌನವನ್ನು ಒಂದು ವಾರ ಸಹಿಸಿ, ಶಾಲೆಗೆ ನಾನೇ ಹಣ ಕಟ್ಟಿದೆ. ಅದೇ ಹಾದಿ, ಅದೇ ಮರಳಿನ ನದಿ, ಅದೇ ಅಂಗಳ.

ಇಂಥ ಶಾಲೆಗಳಿಗೆ ಹೆಸರು ತಂದವರಲ್ಲಿ ಮುಖ್ಯರು ಅಮೆರಿಕದ ಕೀತ್ ಕೋಡ್. 1980ರಲ್ಲಿ ಅವರು ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಶಾಲೆ ಭಾರತಕ್ಕೂ ಬಂದು ಈ ಅಂಗಳದಲ್ಲೇ ಪಾಠ ನಡೆಸಿದ್ದುಂಟು. ಸವಾರನ ಗಮನವನ್ನು ಅವರು ಹತ್ತು ಡಾಲರಿನ ಹಣಕ್ಕೆ ಹೋಲಿಸಿದ್ದಾರೆ. ಹೊಸಬನಿಗೆ ಗೇರಿನ ಮೇಲೆಯೇ ಐದು ಖರ್ಚಾದರೆ ಹಾದಿಯನ್ನು ನೋಡಲು ಉಳಿಯುವುದು ಐದೇ. ಅಭ್ಯಾಸದಿಂದ ಒಂದೊಂದರ ಖರ್ಚನ್ನೂ ಇಳಿಸುತ್ತ ಹೋಗುವುದೇ ಕಲಿಕೆ. ಬ್ಯಾಂಕಿನವನಿಗೆ ಇದು ತಟ್ಟನೆ ಅರ್ಥವಾಯಿತು. ನಮ್ಮ ಹುಡುಗ ಸೇರಿದ್ದು ಬೇರೊಂದು ಶಾಲೆ. ಕಲಿಸುವ ಕ್ರಮ ಮಾತ್ರ ಇದರದೇ ದಾಯಾದಿ.

ಮೊದಲ ಸರದಿಗೇ ವಿಚಿತ್ರವಾದ ಅಪ್ಪಣೆ: ಬ್ರೇಕು ಹಿಡಿಯಕೂಡದು, ಗೇರು ಬದಲಿಸಕೂಡದು. ಬ್ರೇಕಿನ ಆಸರೆ ಇಲ್ಲದಾಗ ತಿರುವಿಗೆ ಎಷ್ಟು ವೇಗ ಸಾಕೆಂಬುದನ್ನು ಸವಾರ ಮೊದಲೇ ಅಳೆಯಬೇಕಾಗುತ್ತದೆ. ಗುರು ಬೇರೊಂದು ಗಾಡಿಯಲ್ಲಿ ಎರಡು ಸುತ್ತು ಹಿಂಬಾಲಿಸಿ, ಒಂದು ಸುತ್ತು ಮುಂದೆ ಹೋದ. ಸರದಿ ಮುಗಿದೊಡನೆ ಹುಡುಗನನ್ನು ಪಕ್ಕಕ್ಕೆ ಕರೆದ. ನಾನೂ ಹತ್ತಿರ ನಿಂತೆ.

"ಹಿಂದೆ ಎಲ್ಲಾದರೂ ಬಿದ್ದಿದ್ದೀರಾ?" ಎಂದು ಕೇಳಿದ. ಹುಡುಗ ಹೌದೆಂದ. "ಬೀಳುವ ಮುಂಚೆ ಏನನ್ನು ನೋಡುತ್ತಿದ್ದಿರಿ?" ಹುಡುಗ ಬಹಳ ಹೊತ್ತು ಯೋಚಿಸಿ, "ಹಾದಿಯಂಚಿನ ಹುಲ್ಲನ್ನು" ಎಂದ.

ಅಲ್ಲಿಗೆ ಗಂಟು ಬಿಚ್ಚಿತು. ತಿರುವಿನ ನಡುವೆ ಅಂಚು ಹತ್ತಿರ ಬಂದಂತೆ ಕಂಡಾಗ ನಮ್ಮವನು ಹೆದರಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿದ್ದ, ಆಕ್ಸಿಲರೇಟರನ್ನು ತಟ್ಟನೆ ಮುಚ್ಚುತ್ತಿದ್ದ, ಬ್ರೇಕಿನ ಮೇಲೆ ಬೆರಳಿಡುತ್ತಿದ್ದ. ಮುಚ್ಚಿದೊಡನೆ ಗಾಡಿಯ ಭಾರ ಮುಂದಿನ ಟೈರಿಗೆ ಬೀಳುತ್ತದೆ. ಆ ಟೈರು ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಜಾಗದಲ್ಲಿ. ಅದರ ಹಿಡಿತವೆಲ್ಲ ಆಗಲೇ ತಿರುಗುವುದಕ್ಕೆ ಖರ್ಚಾಗಿರುತ್ತದೆ. ಬ್ರೇಕಿಗೆ ಕೊಡಲು ಉಳಿದಿರುವುದಿಲ್ಲ. ಗುರು ಹಲಗೆಯ ಮೇಲೆ ಲೆಕ್ಕವನ್ನೂ ಬರೆದು ತೋರಿಸಿದ: 80 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ತಿರುಗಲು ಸುಮಾರು 14 ಡಿಗ್ರಿ ವಾಲಿದರೆ ಸಾಕು; 100 ಕಿಲೋಮೀಟರಾದರೆ ಸುಮಾರು 45 ಡಿಗ್ರಿ ವಾಲಬೇಕು. ವೇಗ ಇಮ್ಮಡಿಯಾದರೆ ವಾಲುವಿಕೆ ಮುಮ್ಮಡಿಯನ್ನೂ ಮೀರುತ್ತದೆ.

ಮುಂದಿನ ಸರದಿಗಳಲ್ಲಿ ಕೊಟ್ಟ ಕೆಲಸ ತೀರ ಸಣ್ಣದು. ತಿರುವಿನಲ್ಲಿ ಮೊಣಕೈಗಳು ಕೋಳಿಯ ರೆಕ್ಕೆಯಂತೆ ಸಡಿಲವಾಗಿ ಆಡಬೇಕು. ಅಂಚನ್ನು ಬಿಟ್ಟು ತಿರುವಿನಾಚೆಯ ಹಾದಿಯನ್ನು ನೋಡಬೇಕು. ಒಮ್ಮೆ ತೆರೆದ ಆಕ್ಸಿಲರೇಟರನ್ನು ತಿರುವು ಮುಗಿಯುವವರೆಗೆ ಮೆಲ್ಲಮೆಲ್ಲನೆ ತೆರೆಯುತ್ತಲೇ ಹೋಗಬೇಕು. ಸಂಜೆ ಹುಡುಗ ಹೇಳಿದ ಮಾತು ನನಗೆ ನಾಟಿತು: "ಮಾವ, ನಂದಿಬೆಟ್ಟದಲ್ಲೂ ನಾನು ಇದನ್ನೇ ಮಾಡ್ತಿದ್ದೆ. ಎರಡು ವರ್ಷ ಇದನ್ನೇ ಮಾಡಿದೀನಿ." ಟ್ರ್ಯಾಕ್ ಡೇಯಲ್ಲಿ ಅವನು ಸುತ್ತಿದ ಸುತ್ತುಗಳಲ್ಲಿ ಗಟ್ಟಿಯಾದದ್ದೂ ಆ ತಪ್ಪೇ. ಸಂಗೀತ ಕಲಿತ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪಸ್ವರವನ್ನೂ ಸಾಧಕ ಮಾಡಿ ಗಟ್ಟಿಮಾಡಿಕೊಳ್ಳಬಹುದು.

ಹಾಗೆಂದು ಟ್ರ್ಯಾಕ್ ಡೇಯನ್ನು ನಾನು ಹಳಿಯುವುದಿಲ್ಲ. ಶಾಲೆಯ ಪಾಠ ಒಂದು ದಿನದ್ದು. ಅದು ಕೈಗೆ ಹತ್ತಬೇಕಾದರೆ ಸಾಧಕ ಬೇಕು, ಸಾಧಕಕ್ಕೆ ಅಗ್ಗವಾದ ಸುತ್ತುಗಳು ಬೇಕು. ಶಾಲೆಯಾದ ಮೇಲೆ ನಮ್ಮವನು ಮೂರು ಸಲ ಟ್ರ್ಯಾಕ್ ಡೇಗೆ ಹೋಗಿಬಂದ. ಪ್ರತಿ ಸಲವೂ ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಆ ದಿನ ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯ. ತನ್ನ ತಪ್ಪು ಯಾವುದೆಂದು ಹೇಳಬಲ್ಲವನಿಗೆ ಟ್ರ್ಯಾಕ್ ಡೇ ಸಾಕು. "ಗೊತ್ತಿಲ್ಲ ಮಾವ" ಎನ್ನುವವನು ಮೊದಲು ಶಾಲೆಗೆ ಹೋಗಲಿ. ಸ್ಪರ್ಧೆಗೆ ಇಳಿಯಬೇಕೆಂಬವರಿಗಂತೂ ಫೆಡರೇಷನ್ನಿನ ಪರವಾನಗಿ ಬೇಕು, ಅವರ ದಾರಿಯೇ ಬೇರೆ. ನಮ್ಮವನಿಗೆ ಆ ಆಸೆ ಈಗ ಇಲ್ಲವಂತೆ.

ಈಚೆಗೆ ಅಕ್ಕ ಅವನ ಹಿಂದೆ ಕುಳಿತು ಎಂಟನೇ ಕ್ರಾಸಿನ ಮಾರುಕಟ್ಟೆಗೆ ಹೋಗಿಬಂದಳು. "ತಿರುವಿನಲ್ಲಿ ಮೊದಲಿನ ಹಾಗೆ ಎದೆ ಝಲ್ಲೆನ್ನೋದಿಲ್ಲ ಕಣೋ" ಎಂದಳು. ಬೆಟ್ಟದ ಭಾನುವಾರಗಳು ನಿಂತಿವೆ. ಅವನು ಮದರಾಸಿನ ಕಡೆ ಹೋದ ದಿನ ಅವಳು ಈಗಲೂ ಗೇಟಿನ ಬಳಿ ನಿಲ್ಲುತ್ತಾಳೆ. ಆದರೆ ನನಗೆ ಕಾಫಿ ಕೊಟ್ಟ ಮೇಲೆ.