ಅರದ ಪುಡಿಯ ಲೆಕ್ಕ

ಒಳಗೆ ಬರುವವರ ಕಾಲಿನ ಕಡೆ ಅಕ್ಕಸಾಲಿ ಆಚಾರ್ರಿಗೆ ಗಮನವಿಲ್ಲ. ಹೊರಗೆ ಹೋಗುವವರ ಕಾಲು ಮಾತ್ರ ನೋಡುತ್ತಾರೆ. ಹೊಸ್ತಿಲ ಒಳಬದಿಗೆ ಒಂದು ಗೋಣಿತಾಟು ಹಾಸಿದೆ. ಎದ್ದು ಹೋಗುವವರು ಅದರ ಮೇಲೆ ಅಂಗಾಲು ಉಜ್ಜಿಯೇ ಹೋಗಬೇಕು. ಗೋಣಿ ಹಳತಾದರೆ ಬಿಸಾಡುವುದಿಲ್ಲ, ಸುಟ್ಟು ಬೂದಿಯನ್ನು ಡಬ್ಬಕ್ಕೆ ತುಂಬಿಡುತ್ತಾರೆ. ಚಿನ್ನದ ಪುಡಿ ಎಲ್ಲಿ ಅಂಟಿರುತ್ತದೋ ಯಾರಿಗೆ ಗೊತ್ತು!

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಗಲ್ಲಿ ಇದು. ಮುಂದಿನ ಬೀದಿಯಲ್ಲಿ ಗಾಜಿನ ಬಾಗಿಲು, ಎಸಿ, ಬಾಗಿಲಲ್ಲಿ ಸೆಕ್ಯುರಿಟಿ ಇರುವ ಒಡವೆ ಅಂಗಡಿಗಳು. ಇಲ್ಲಿ ಕಾಲು ಚಾಚಿದರೆ ಎದುರು ಗೋಡೆ ತಾಗುವ ಕೋಣೆಗಳು. ಬೆಳಿಗ್ಗೆ ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹಿಡಿದು, ಉರಿಗಾಂನಲ್ಲಿ ಇಳಿದು ಬಂದೆ. ಕೋಲಾರದ ಚಿನ್ನದ ಗಣಿಗಾಗಿಯೇ 1894ರಲ್ಲಿ ಹಾಕಿದ ಆ ಕವಲು ಹಳಿಯ ಮೇಲೆ ಈಗ ಓಡಾಡುವುದು ಬೆಂಗಳೂರಿನ ಕೆಲಸಕ್ಕೆ ಹೋಗಿಬರುವ ಜನ. ನಾನು ಬಂದ ಗಾಡಿ ಖಾಲಿ. ಎದುರಿಗೆ ಬಂದದ್ದು ಬಾಗಿಲವರೆಗೂ ಭರ್ತಿ. ಬಂಗಾರಪೇಟೆ ಅಂದರೆ ಬೆಂಗಳೂರಿನವರಿಗೆ ಈಗ ನೆನಪಾಗುವುದು ಬಣ್ಣವಿಲ್ಲದ ತಿಳಿ ಪಾನಿಯ ಪಾನಿಪೂರಿ. ಇರಲಿ, ಅದೂ ಒಂದು ಕಸುಬೇ.

"ಕಲಿಯೋಕೆ ಚಿನ್ನ ಕೊಡಲ್ಲಮ್ಮ. ಬೆಳ್ಳಿ ತನ್ನಿ, ಹಳೇದು," ಎಂದು ಆಚಾರ್ರು ಫೋನಿನಲ್ಲೇ ಹೇಳಿದ್ದರು. ಕೊಂಡಿ ಮುರಿದ ಒಂದು ಕಾಲ್ಗೆಜ್ಜೆ ತಂದಿದ್ದೇನೆ. ಗಾಜಿನ ಗೂಡಿನೊಳಗಿನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು, ಅಂಕಿ ನಿಲ್ಲುವವರೆಗೂ ಕಾದು, ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಳ್ಳುತ್ತಾರೆ. ಪಕ್ಕದ ಗೂಡಿನಲ್ಲಿ ಅವರ ತಂದೆಯ ಕಾಲದ ಹಿತ್ತಾಳೆ ತ್ರಾಸು ಇದೆ. ತಟ್ಟೆಯಲ್ಲಿ ನಾಲ್ಕಾರು ಗುಲಗಂಜಿ ಇನ್ನೂ ಬಿದ್ದುಕೊಂಡಿವೆ.

"ಕರಗಿಸಿದ್ರೆ ಕಮ್ಮಿಯಾಗತ್ತೆ. ಕೊಳೆ ಐತೆ, ಹಳೇ ಬೆಸುಗೆ ಐತೆ. ಆಮೇಲೆ ಎಲ್ಲಿ ಹೋಯ್ತು ಅಂತ ಕೇಳಬಾರದು."

ಕೇಳುವುದಿಲ್ಲ ಎಂದೆ.

ಕೂರುವ ಜಾಗವೇ ಮೊದಲ ಪಾಠ. ನೆಲಕ್ಕೆ ಇಷ್ಟೇ ಎತ್ತರದ ಮಣೆ, ಎದುರಿಗೆ ಮರದ ದಿಮ್ಮಿಯಲ್ಲಿ ಹೂತ ಅಡಿಗಲ್ಲು. ತೊಡೆಯ ಮೇಲೆ ದಪ್ಪ ಬಟ್ಟೆ ಹರಡಿ ಎರಡು ತುದಿಯನ್ನು ದಿಮ್ಮಿಯ ಮೊಳೆಗೆ ಸಿಕ್ಕಿಸುತ್ತಾರೆ. ಕೈಯಿಂದ ಏನೇ ಜಾರಿದರೂ ಮಡಿಲಲ್ಲೇ ಬೀಳಬೇಕು. "ಬಿದ್ರೆ ಎದ್ದೇಳಬೇಡಿ. ಅಲ್ಲಾಡಲೂ ಬೇಡಿ. ನನ್ನ ಕೂಗಿ."

ಗೆಜ್ಜೆಯನ್ನು ತುಂಡು ಮಾಡಿ ಮೂಸೆಗೆ ಹಾಕುತ್ತಾರೆ, ಮೇಲೆ ಚಿಟಿಕೆ ಬಿಳಿಗಾರ. ಕುಲುಮೆ ಈಗಿಲ್ಲ, ಗ್ಯಾಸಿನ ಕೊಳವೆ, ಕಾಲಲ್ಲಿ ತುಳಿಯುವ ತಿದಿ. ತುಳಿಯುವುದು ನನ್ನ ಪಾಲು. ಬೆಳ್ಳಿ ಕರಗಲು 960 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಚಿನ್ನಕ್ಕೆ ಅದಕ್ಕಿಂತ ಇನ್ನೂ ನೂರು ಹೆಚ್ಚು. ಆಚಾರ್ರಿಗೆ ಈ ಅಂಕಿಗಳು ಬೇಕಿಲ್ಲ. ಬಾಗಿಲನ್ನು ಅರ್ಧ ಮುಚ್ಚಿ ಕತ್ತಲು ಮಾಡಿಕೊಂಡು ಬಣ್ಣ ನೋಡುತ್ತಾರೆ. ಚೂರುಗಳು ಮೊದಲು ಕಪ್ಪಾಗುತ್ತವೆ, ಕೆಂಪಾಗುತ್ತವೆ, ಅಂಚು ಕುಸಿಯುತ್ತದೆ. ಆಮೇಲೆ ಒಮ್ಮೆಗೇ ಎಲ್ಲ ಸೇರಿ ಒಂದಾಗಿ, ಮೂಸೆಯ ತಳದಲ್ಲಿ ತಿರುಗುವ ಹೊಳಪು. ಮೇಲೆ ತೇಲುವ ಮಡ್ಡಿಯನ್ನು ಕಡ್ಡಿಯಿಂದ ಪಕ್ಕಕ್ಕೆ ಸರಿಸಿ, ಎಣ್ಣೆ ಸವರಿದ ಕಬ್ಬಿಣದ ಅಚ್ಚಿಗೆ ಸುರಿಯುತ್ತಾರೆ. ಭಗ್ ಎಂದು ಹತ್ತಿದ ಉರಿ ಅಷ್ಟೇ ಬೇಗ ಆರುತ್ತದೆ. ಬಗ್ಗಿಸಿದರೆ ಉದುರಿದ್ದು ಕಿರುಬೆರಳುದ್ದದ ಸಪ್ಪೆ ಬಿಳಿ ಕಡ್ಡಿ. ನೀರಿಗೆ ಹಾಕಿ ಒರೆಸಿ ತೂಗುತ್ತಾರೆ. ಎರಡು ಗ್ರಾಮಿನಷ್ಟು ಕಮ್ಮಿ. ನನ್ನ ಮುಖ ನೋಡುತ್ತಾರೆ. ನಾನು ಮಾತಾಡುವುದಿಲ್ಲ.

ಈ ಮನೆಯಲ್ಲಿ ಬೆಳ್ಳಿ ಕೆಲಸ ಶುರುವಾದದ್ದು ಬೆಳ್ಳಿಯ ಮೇಲಿನ ಪ್ರೀತಿಯಿಂದಲ್ಲ. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ತಂದರು. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ ಎಂದಾಯಿತು. ತಾಳಿಗೆ 14 ಕ್ಯಾರೆಟ್ ಯಾರು ಒಪ್ಪುತ್ತಾರೆ? ದೇಶದ ತುಂಬ ಅಕ್ಕಸಾಲಿಗರ ಕೈ ಕಟ್ಟಿಹೋಯಿತು. ಕಸುಬು ಬಿಟ್ಟವರೆಷ್ಟೋ, ಜೀವ ಕಳೆದುಕೊಂಡವರೂ ಇದ್ದರು. ಕ್ಯಾರೆಟ್ಟಿನ ಕಟ್ಟು ಕೆಲವೇ ವರ್ಷಗಳಲ್ಲಿ ಸಡಿಲವಾದರೂ ನಿಯಂತ್ರಣದ ಕಾಯಿದೆ ಪೂರ್ತಿ ಹೋದದ್ದು 1990ರಲ್ಲಿ. ಆಚಾರ್ರ ತಂದೆ ಆ ಕಟ್ಟು ಬಂದಾಗಲೇ ಕಾಲುಂಗುರ, ಉಡಿದಾರಕ್ಕೆ ಇಳಿದರು. ಬೆಳ್ಳಿಯ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಮೂರು ಕಿಲೋಮೀಟರ್ ಆಳದಿಂದ ಚಿನ್ನ ಎತ್ತುತ್ತಿದ್ದ ಊರಿನಲ್ಲಿ ಅಕ್ಕಸಾಲಿಗನಿಗೆ ಚಿನ್ನವಿಲ್ಲ. ಹಾಗೆ ನೋಡಿದರೆ ಗಣಿಯ ಚಿನ್ನ ಈ ಗಲ್ಲಿಗೆ ಯಾವತ್ತೂ ಬಂದದ್ದಲ್ಲ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಗಟ್ಟಿಗಳು ಹಡಗೇರಿ ಹೋದವು, ಆಮೇಲೆ ಸರ್ಕಾರದ ಖಜಾನೆಗೆ. ಇಲ್ಲಿಗೆ ಚಿನ್ನ ಬರುವುದು ಈಗಲೂ ಬೆಂಗಳೂರಿನ ಪೇಟೆಯಿಂದ.

ಬಡಿಯುವ ಕೆಲಸ ನನ್ನ ಕೈಗೆ ಬರುತ್ತದೆ. ಸುತ್ತಿಗೆಯ ಏಟು ಮುಖ ಕೂರುವಂತೆ ಬೀಳಬೇಕು. ಅಂಚು ತಾಗಿದರೆ ಬೆಳ್ಳಿಯಲ್ಲಿ ಗೀರು ನಿಲ್ಲುತ್ತದೆ. ಒಂದೊಂದು ಏಟಿಗೂ ಕಡ್ಡಿಯನ್ನು ಕಾಲು ಸುತ್ತು ತಿರುಗಿಸಬೇಕು. ಮೊದಲು ಮೆತ್ತಗೆ ತಗ್ಗುತ್ತಿದ್ದದ್ದು ಸ್ವಲ್ಪ ಹೊತ್ತಿಗೆ ಬಿರುಸಾಗುತ್ತದೆ, ಸದ್ದೇ ಬದಲಾಗುತ್ತದೆ. ಠಪ್ ಅನ್ನುತ್ತಿದ್ದದ್ದು ಠಣ್ ಅನ್ನುತ್ತದೆ. ಆಚಾರ್ರು ಬೆನ್ನು ತಿರುಗಿಸಿ ಕೂತಿದ್ದವರು ಅಲ್ಲಿಂದಲೇ, "ಸಾಕು, ಕಾಯಿಸಿ," ಅನ್ನುತ್ತಾರೆ. ಇನ್ನೆರಡು ಏಟು ಹಾಕಿದ್ದರೆ ಸೀಳುತ್ತಿತ್ತಂತೆ. ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗೆ. ಬಡಿ, ಕಾಯಿಸು, ಬಡಿ.

ಕಡ್ಡಿಯ ತುದಿಯನ್ನು ಚೂಪಾಗಿ ಅರದಲ್ಲಿ ಉಜ್ಜಿ, ಸಾಲು ತೂತುಗಳ ಉಕ್ಕಿನ ಪಟ್ಟಿಗೆ ತೂರಿಸುತ್ತೇವೆ. ತೂತುಗಳು ದೊಡ್ಡದರಿಂದ ಸಣ್ಣಕ್ಕೆ, ಕೂದಲೆಳೆಯಷ್ಟೇ ವ್ಯತ್ಯಾಸ. ಜೇನುಮೇಣ ಸವರಿ ಆಚೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಬೇಕು. "ಕೈಯಲ್ಲಿ ಎಳೀಬೇಡಿ, ಸೊಂಟದಲ್ಲಿ ಎಳೀರಿ. ನಡುವೆ ನಿಲ್ಲಿಸಬೇಡಿ." ನಿಲ್ಲಿಸಿದ ಕಡೆ ತಂತಿಗೆ ಗಂಟಿನ ಗುರುತು ಬೀಳುತ್ತದೆ. ಪಾದವನ್ನು ಪಟ್ಟಿಯ ಚೌಕಟ್ಟಿಗೆ ಒತ್ತಿ ಹಿಂದಕ್ಕೆ ಬಾಗುತ್ತೇನೆ. ತೂತಿನಿಂದ ಹೊರಬರುವ ತಂತಿ ಅಲ್ಲೇ ಬೆಚ್ಚಗಾಗಿರುತ್ತದೆ. ಪ್ರತಿ ತೂತಿಗೂ ಉದ್ದವಾಗುತ್ತ, ತೆಳ್ಳಗಾಗುತ್ತ, ತೂಕ ಮಾತ್ರ ಹಾಗೆಯೇ. ಅಂಗೈಯಲ್ಲಿ ಬೊಬ್ಬೆ ಏಳುವ ಲಕ್ಷಣ ಕಂಡಾಗ ಅವರ ಕೈ ನೋಡಿದೆ. ಬಲಗೈ ಹೆಬ್ಬೆರಳು ನುಣುಪು; ಗೆರೆಯೇ ಇಲ್ಲ. ರೇಷನ್ ಅಂಗಡಿಯ ಯಂತ್ರ ಅದನ್ನು ಒಪ್ಪುವುದಿಲ್ಲ, ಸೊಸೆಯೇ ಹೋಗಬೇಕು. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಇದೇ ಊರಿನ ಗಣಿಗಳು ಮುಷ್ಕರದಲ್ಲಿ ನಿಂತಿದ್ದವು. ಹೇಳಿದರೆ ಆಚಾರ್ರು ನಕ್ಕರು. "ನಮ್ಮದು ತೆಗೆದಿದ್ರೂ ಏನೂ ಸಿಕ್ತಿರಲಿಲ್ಲ."

ತಂತಿಯನ್ನು ಕಬ್ಬಿಣದ ಕೋಲಿಗೆ ಸುತ್ತಿ ಎರಡು ಉಂಗುರ ಕತ್ತರಿಸುತ್ತೇವೆ. ಒಂದು ಅವರು ಮಾಡುತ್ತಾರೆ, ಒಂದು ನಾನು. ಮೇಲೆ ಮೂರು ಗುಂಡು ಕೂರಬೇಕು. ಗುಂಡನ್ನು ಉರುಟು ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದೆ. ಅದು ಯಾರೂ ಮಾಡಬೇಕಿಲ್ಲ. ಇದ್ದಿಲಿನಲ್ಲಿ ಸಣ್ಣ ಗುಳಿ ತೋಡಿ, ತಂತಿಯ ಒಂದು ಚೂರು ಹಾಕಿ ಉರಿ ತೋರಿಸಿದರೆ ಸಾಕು. ಚೌಕವಾಗಿದ್ದ ಚೂರು ಕೆಂಪೇರಿ, ನಡುಗಿ, ಮೂಲೆಗಳನ್ನು ತಾನೇ ಒಳಗೆಳೆದುಕೊಂಡು ಗುಂಡಗಾಗಿ ನಿಂತುಬಿಡುತ್ತದೆ. ಒಂದೇ ಅಳತೆಯ ಚೂರು ಕತ್ತರಿಸುವುದಷ್ಟೇ ಮನುಷ್ಯನ ಕೆಲಸ.

ಕಷ್ಟ ಇರುವುದು ಬೆಸುಗೆಯಲ್ಲಿ. ದೊಡ್ಡ ಉರಿ ಇಲ್ಲಿ ನಡೆಯುವುದಿಲ್ಲವೆಂದು ಗ್ಯಾಸು ಆರಿಸಿ ಎಣ್ಣೆದೀಪ ಹಚ್ಚುತ್ತಾರೆ, ಬೆರಳು ದಪ್ಪದ ಬತ್ತಿ. ಶಿವನಸಮುದ್ರದ ಕರೆಂಟು 1902ರಲ್ಲೇ ಈ ಊರಿಗೆ ಬಂತು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ಗುಂಡು ಕೂರಿಸುವ ದೀಪಕ್ಕೆ ಮಾತ್ರ ಅದರಿಂದ ಪ್ರಯೋಜನವಾಗಲಿಲ್ಲ. ಹಿತ್ತಾಳೆಯ ಊದುಗೊಳವೆ ತುಟಿಗಿಟ್ಟು ದೀಪದ ಉರಿಯನ್ನು ಸೂಜಿಯಾಗಿ ಬಗ್ಗಿಸಿ ಬೆಳ್ಳಿಯ ಮೇಲೆ ನಿಲ್ಲಿಸಬೇಕು. ಉಸಿರು ಕಡಿದರೆ ಉರಿ ಕಡಿಯುತ್ತದೆ. ನಾಗಸ್ವರದವರು ಮಾಡುವಂತೆ ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಬಿಡುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಹೇಳಿದಷ್ಟು ಸುಲಭವಲ್ಲ. ಮೊದಲು ಬಿಳಿ ಗೋಡೆಯ ಕಡೆ ತಿರುಗಿ ಬರೀ ಊದಿಸುತ್ತಾರೆ. ನನ್ನ ಉರಿ ಒಂದು ಗಳಿಗೆ ಚೂಪಾಗಿ, ಮತ್ತೊಂದು ಗಳಿಗೆ ಹೊಗೆಯಾಗಿ, ಕೆನ್ನೆ ಸೋತು ಕಣ್ಣಲ್ಲಿ ನೀರು ಬರುತ್ತದೆ. ಎದುರಿನ ಕೋಣೆಯ ಹುಡುಗ ಬಂದು ಬಾಗಿಲಲ್ಲಿ ನಿಂತು ಮಜಾ ನೋಡುತ್ತಿದ್ದಾನೆ.

ಬೆಸುಗೆಯ ಪುಡಿಯನ್ನು ಬಿಳಿಗಾರದ ನೀರಲ್ಲಿ ಕಲಸಿ, ಚಿಮುಟದ ತುದಿಯಲ್ಲಿ ಒಂದೊಂದು ಗುಂಡನ್ನೂ ಅದರಲ್ಲಿ ಹೊರಳಿಸಿ ಉಂಗುರದ ಮೇಲೆ ಕೂರಿಸುತ್ತೇನೆ. ಬಿಳಿಗಾರ ಬಿಸಿಗೆ ಉಬ್ಬುತ್ತದೆ. ಆಗ ಗುಂಡು ಜಾಗ ಬಿಟ್ಟು ಸರಿದರೆ ಕಡ್ಡಿಯಿಂದ ತಳ್ಳಿ ಮತ್ತೆ ಕೂರಿಸಬೇಕು, ಊದುವುದನ್ನು ನಿಲ್ಲಿಸದೆ. ಬೆಸುಗೆ ಕರಗಬೇಕು, ಗುಂಡು ಕರಗಬಾರದು. "ಓಡ್ತದೆ ನೋಡಿ, ಓಡ್ತದೆ," ಅನ್ನುತ್ತಾರೆ ಕಿವಿಯ ಹತ್ತಿರ. ಓಡುತ್ತದೆ. ಗುಂಡಿನ ಬುಡದ ಸುತ್ತ ಬೆಳ್ಳನೆ ಗೆರೆಯೊಂದು ಫಳ್ಳನೆ ಸುತ್ತು ಹಾಕುತ್ತದೆ. "ತೆಗೀರಿ!" ಎರಡು ಗುಂಡು ಕೂತವು. ಮೂರನೆಯದಕ್ಕೆ ಇನ್ನೊಮ್ಮೆ ದೀಪ ಹಚ್ಚಬೇಕಾಯಿತು.

ಕಪ್ಪಾದ ಉಂಗುರಗಳು ಹುಣಸೆ ನೀರಲ್ಲಿ ಕುದಿಯುತ್ತಿರುವಾಗ ಮಹಡಿಗೆ ಹತ್ತುತ್ತೇವೆ. ಮನೆಗಳ ಆಚೆ ಸೈನೈಡ್ ದಿಬ್ಬ. ಮೇಲೆ ಮಟ್ಟಸ, ಪಕ್ಕದಲ್ಲಿ ಮಳೆ ಕೊರೆದ ಕೊರಕಲು, ಬಿಸಿಲಿಗೆ ಕಣ್ಣು ಕುಕ್ಕುವ ಮಾಸಲು ಬಣ್ಣ. 2018ರ 'ಕೆಜಿಎಫ್' ಚಿತ್ರಕ್ಕೆ ಸೆಟ್ ಹಾಕಿದ್ದು ಇಂಥ ದಿಬ್ಬದ ಮೇಲೆಯೇ. ಗಣಿಯವರು ಕಲ್ಲನ್ನು ಹಿಟ್ಟಾಗಿ ಕುಟ್ಟಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿ, ಅದಕ್ಕೂ ಸಿಗದ ಚಿನ್ನವನ್ನು ಸೈನೈಡ್ ನೀರಲ್ಲಿ ಬಿಡಿಸಿಕೊಂಡು ಉಳಿದದ್ದನ್ನು ಹೊರಗೆ ಸುರಿದರು. ಒಂದು ಶತಮಾನಕ್ಕೂ ಮೀರಿ ಸುರಿದದ್ದು ಹದಿಮೂರು ದಿಬ್ಬ, ಸುಮಾರು 3.3 ಕೋಟಿ ಟನ್. ತೆಗೆದ ಚಿನ್ನ ಎಂಟುನೂರು ಟನ್ನಿನಷ್ಟು. ಗಾಳಿಗಾಲದಲ್ಲಿ ಈ ಪುಡಿ ಒಗೆದ ಬಟ್ಟೆಯ ಮೇಲೂ ಬಂದು ಕೂರುತ್ತದೆ.

"ಅವರು ಕಸ ಹೊರಗೆ ಹಾಕಿದ್ರು, ನಾವು ಒಳಗಿಟ್ಕೊಂಡ್ವಿ. ಅವರು ಬಾಗಿಲು ಹಾಕ್ಕೊಂಡು ಹೋದ್ರು," ಎನ್ನುತ್ತಾರೆ ಆಚಾರ್ರು. ಮಾತು ಚೆನ್ನಾಗಿದೆ, ಲೆಕ್ಕ ಅಷ್ಟು ಸಲೀಸಲ್ಲ. ಆಳ ಹೆಚ್ಚಿ, ಅದಿರಿನಲ್ಲಿ ಚಿನ್ನ ಇಳಿದು, ಖರ್ಚು ಏರಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಹತ್ತು ಗ್ರಾಂ ಚಿನ್ನಕ್ಕೆ ಐದು ಸಾವಿರ ರೂಪಾಯಿಯೂ ಇರಲಿಲ್ಲ. ಈಗ ಲಕ್ಷ ದಾಟಿದೆ. ದಿಬ್ಬಗಳಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಮ್ಮಿ ಚಿನ್ನವಿದ್ದರೂ ಈ ಬೆಲೆಗೆ ಅದು ಕಸವಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಹದಿಮೂರೂ ದಿಬ್ಬಗಳನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅದರಿಂದ ಊರಿನ ಎಷ್ಟು ಜನಕ್ಕೆ ಕೆಲಸ ಸಿಗುತ್ತದೆ ಅನ್ನುವುದೇ ಗಣಿ ಕಾಲೋನಿಗಳಲ್ಲಿ ಕೇಳಬೇಕಾದ ಪ್ರಶ್ನೆ. ಆಚಾರ್ರು ಆ ಚರ್ಚೆಗೆ ಬರುವುದಿಲ್ಲ. ಅವರ ಕೋಣೆಯ ಕಸಕ್ಕೆ ಗಿರಾಕಿ ಮೊದಲಿನಿಂದಲೂ ಇದ್ದಾರೆ. ಗುಡಿಸಿದ ಮಣ್ಣು, ಗೋಣಿಯ ಬೂದಿ, ಒಡೆದ ಮೂಸೆ, ಕೈ ತೊಳೆದ ನೀರಿನ ಗಸಿ, ಎಲ್ಲವನ್ನೂ ಇಷ್ಟಕ್ಕೆ ಅಂತ ಒಟ್ಟಿಗೆ ಮಾತಾಡಿ ಕೊಂಡು ಹೋಗಿ, ತೊಳೆದು ಸೋಸಿ ಚಿನ್ನ ತೆಗೆಯುವವರು. ಒಂದು ಕಾಲದಲ್ಲಿ ಆ ದುಡ್ಡಲ್ಲಿ ಹಬ್ಬದ ಬಟ್ಟೆ ಬರುತ್ತಿತ್ತು. ಈಗ ಸರಗಳು ಯಂತ್ರದಲ್ಲೇ ತಯಾರಾಗಿ ಹಾಲ್‌ಮಾರ್ಕ್ ಹೊಡೆಸಿಕೊಂಡು ಮುಂದಿನ ಬೀದಿಗೆ ಬರುತ್ತವೆ. ಈ ಗಲ್ಲಿಗೆ ಉಳಿದದ್ದು ರಿಪೇರಿ. ಕೆಲಸವೇ ಕಮ್ಮಿಯಾದ ಮೇಲೆ ಕಸವೂ ಕಮ್ಮಿ.

ಕೆಳಗಿಳಿದು ಉಂಗುರಗಳನ್ನು ಹಿತ್ತಾಳೆ ತಂತಿಯ ಬ್ರಷ್ಷಿನಲ್ಲಿ ಅಂಟುವಾಳದ ನೊರೆ ಹಾಕಿ ಉಜ್ಜುತ್ತೇನೆ. ಬೆಳ್ಳಿ ಬೆಳ್ಳಗೆ ಏಳುತ್ತದೆ. ಅವರದರಲ್ಲಿ ಮೂರು ಗುಂಡು ಒಂದನ್ನೊಂದು ತಾಗಿ ಒಂದೇ ಎತ್ತರದಲ್ಲಿವೆ. ನನ್ನದರಲ್ಲಿ ನಡುವಿನದು ಸ್ವಲ್ಪ ಕೂತಿದೆ.

ಆಮೇಲೆ ಲೆಕ್ಕ. ಎರಡು ಉಂಗುರ, ಉಳಿದ ತಂತಿ, ಮಡಿಲ ಬಟ್ಟೆಯಿಂದ ಬ್ರಷ್ಷಿನಲ್ಲಿ ಗುಡಿಸಿದ ಅರದ ಪುಡಿ, ಎಲ್ಲ ಒಟ್ಟಿಗೆ ತಕ್ಕಡಿಗೆ. ಅಂಕಿ ನೋಡಿ ಹುಬ್ಬು ಗಂಟಿಕ್ಕಿ, ನನ್ನನ್ನು ಏಳಬೇಡಿ ಎಂದು, ಮಣೆಯ ಸುತ್ತ ಟಾರ್ಚ್ ಹಾಕುತ್ತಾರೆ. ನನ್ನ ಸೀರೆಯ ನಿರಿಗೆಯಲ್ಲಿ ತಂತಿಯ ಒಂದು ಚೂರು. ಅದನ್ನೂ ಇಟ್ಟ ಮೇಲೆ ಅಂಕಿ ಅವರಿಗೆ ಸಮಾಧಾನ ತರುತ್ತದೆ. ಉಳಿದ ತಂತಿ ಪೊಟ್ಟಣ ಕಟ್ಟಿ ನನ್ನ ಕೈಗೆ. ಪುಡಿಯ ಬಾಬ್ತು ಕೂಲಿಯಲ್ಲಿ ವಜಾ. ಕ್ಯಾಲೆಂಡರ್ ಹಾಳೆಯ ಹಿಂದೆ ಎರಡು ಉಂಗುರಕ್ಕೆ ಬೇರೆ ಬೇರೆ ಕೂಲಿ ಬರೆದಿದ್ದಾರೆ. ನನ್ನದಕ್ಕೇ ಹೆಚ್ಚು.

"ಇದೇನು ಆಚಾರ್ರೇ, ಇದನ್ನ ಮಾಡಿದ್ದು ನಾನಲ್ವಾ?"

"ಅದಕ್ಕೇನಮ್ಮ. ಎರಡು ಸಲ ಬೆಸುಗೆ ಹಿಡೀತು. ಪುಡಿ ನನ್ನದು, ಎಣ್ಣೆ ನನ್ನದು."